ನಾಲ್ಕು ತಾಲ್ಲೂಕು ಸುತ್ತಿ ತಂದ ಪಿನ್ನು

ನಮ್ಮ ಚಿಕ್ಕಪ್ಪ ಹೆಣ್ಣು ನೋಡಲು ಹೋಗಿದ್ದು ಒಂದೇ ಒಂದು ಮನೆಗೆ. ಅಲ್ಲೂ ಹೆಣ್ಣಿನ ಮುಖ ನೋಡಲಿಲ್ಲವಂತೆ, ಕೈಯಲ್ಲಿದ್ದ ಕಾಫಿ ಲೋಟ ನೋಡಿಕೊಂಡೇ "ಹೂಂ" ಅಂದುಬಿಟ್ಟನಂತೆ. ಅದೇ ಮಹಾಶಯ ತನ್ನ ಟ್ರ್ಯಾಕ್ಟರಿಗೆ ಒಂದು ಪಿನ್ನು ಆರಿಸಲು ಚನ್ನಪಟ್ಟಣ, ರಾಮನಗರ, ಮಾಗಡಿ, ಕನಕಪುರ, ನಾಲ್ಕೂ ತಾಲ್ಲೂಕು ಸುತ್ತಿದ! ಸುತ್ತಿದ್ದು ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ. ಹಾಗಾಗಿ ಈ ವಿಷಯದಲ್ಲಿ ಮಾತಾಡುವ ಹಕ್ಕು ನನಗಿಂತ ಹೆಚ್ಚಾಗಿ ನನ್ನ ಸೊಂಟಕ್ಕಿದೆ.

ಪಿನ್ನು ಅಂದರೆ ಸೀರೆ ಸೆರಗಿಗೆ ಚುಚ್ಚುವುದಲ್ಲ. ಟ್ರ್ಯಾಕ್ಟರಿನ ಹಿಂದೆ ಒಂದು ಕಬ್ಬಿಣದ ಕೊಂಡಿ ಇರುತ್ತದೆ, ನೋಡಿದ್ದೀರಲ್ಲ? ಟ್ರೇಲರಿನ ಮೂತಿಯಲ್ಲಿರುವ ಬಳೆ ಆ ಕೊಂಡಿಯೊಳಗೆ ಕೂರುತ್ತದೆ. ಎರಡನ್ನೂ ಸೇರಿಸಿ ಮೇಲಿನಿಂದ ತೂರಿಸುವ ದಪ್ಪ ಕಬ್ಬಿಣದ ಕಡ್ಡಿಯೇ ಪಿನ್ನು. ಅದು ಎಗರಿ ಬರದ ಹಾಗೆ ಕೆಳಗಡೆ ತೂತಿಗೆ ಒಂದು ಕ್ಲಿಪ್ಪು. ಹೆಂಗಸರ ತಲೆಗೆ ಸಿಕ್ಕಿಸುವ ಕ್ಲಿಪ್ಪಿನ ಥರವೇ ಇರುತ್ತದೆ, ಒಸಿ ದಪ್ಪ. ಊರಿನ ಬೇರೆ ಗಂಡಸರು ಇವೆರಡನ್ನೂ ಟ್ರ್ಯಾಕ್ಟರ್ ಜೊತೆಗೇ ತಂದು, ಹಾಕಿ, ಮರೆತುಬಿಟ್ಟಿದ್ದಾರೆ. ನಮ್ಮ ಚಿಕ್ಕಪ್ಪ ಮಾತ್ರ ಆ ಕ್ಲಿಪ್ಪಿಗೆ ಬೇರೊಂದು ಉಪಯೋಗ ಕಂಡುಹಿಡಿದಿದ್ದ. ಕಿವಿ ಕೆರೆದುಕೊಳ್ಳುವುದು!

ಒಂದು ದಿನ ಪಕ್ಕದೂರಿನ ತೋಟದಿಂದ ಹಿಪ್ಪುನೇರಳೆ ಸೊಪ್ಪು ತುಂಬಿಕೊಂಡು ಬರುತ್ತಿದ್ದರು. ಚಿಕ್ಕಪ್ಪ ಮುಂದೆ ಟ್ರ್ಯಾಕ್ಟರಿನ ಮೇಲೆ, ಚಿಕ್ಕಮ್ಮ ಹಿಂದೆ ಟ್ರೇಲರಿನಲ್ಲಿ, ಸೊಪ್ಪಿನ ಗುಡ್ಡೆಯ ಮೇಲೆ. ಅವಳು ಹತ್ತಿ ತುಳಿದು ಅಮುಕಿ ಕೂತರೇನೇ ಸೊಪ್ಪು ದಾರಿಯುದ್ದಕ್ಕೂ ಉದುರದೆ ಮನೆ ಸೇರುವುದು. ಕೆರೆ ಏರಿಯ ಮೇಲೆ ಒಂದು ಗುಂಡಿ ಬಂತು. ಟ್ರೇಲರ್ ಎತ್ತಿಹಾಕಿತು, ಪಿನ್ನು ಎಗರಿ ಕೆರೆಗೆ ಬಿತ್ತು. ಕ್ಲಿಪ್ಪು ತಡೆಯಬೇಕಿತ್ತಲ್ಲ? ಕ್ಲಿಪ್ಪು ಚಿಕ್ಕಪ್ಪನ ಕಿವಿಯಲ್ಲಿತ್ತು!

ಆ ಟ್ರ್ಯಾಕ್ಟರಿನ ಸದ್ದಿನಲ್ಲಿ ಹೆಂಡತಿ ಕಿರುಚಿದ್ದು ಕೇಳುತ್ತದೆಯೇ? ಸೀದಾ ಮನೆ ಮುಂದೆ ಬಂದು ನಿಲ್ಲಿಸಿ, ತಿರುಗಿಯೂ ನೋಡದೆ, "ಇಳ್ಯಮ್ಮೀ, ಮನೆ ಬಂತು" ಅಂದ. ಎದುರು ಮನೆಯ ಜಗಲಿಯಲ್ಲಿ ಕೂತಿದ್ದ ನಾನು, "ಚಿಕ್ಕಪ್ಪ, ಯಾರನ್ನ ಇಳಿಸ್ತಾ ಇದ್ದೀಯಾ?" ಅಂದೆ.

ತಿರುಗಿದ. ಹಿಂದೆ ರಸ್ತೆ ಇತ್ತು. ಅಷ್ಟೇ.

ಅತ್ತ ಏರಿಯ ಮೇಲೆ ಚಿಕ್ಕಮ್ಮ ಸೊಪ್ಪಿನ ಗುಡ್ಡೆಯಿಂದ ಇಳಿದಿರಲಿಲ್ಲ. ಹೋಗಿ ಬರುವವರೆಲ್ಲ ನಿಂತು, "ಯಾಕಕ್ಕ, ಇಲ್ಲಿ ಕುಂತಿದ್ದೀರಾ?" ಎಂದು ಕೇಳಿದರೆ, "ಗಾಳಿ ಕುಡೀತಾ ಇವ್ನಿ" ಎನ್ನುತ್ತಿದ್ದಳಂತೆ. ಬೈಕಿನವನೊಬ್ಬ, "ಬನ್ನಿ, ಮನೆಗೆ ಬುಡ್ತೀನಿ" ಅಂದದ್ದಕ್ಕೆ ಕೊಟ್ಟ ಉತ್ತರ ಇವತ್ತಿಗೂ ನಮ್ಮೂರಲ್ಲಿ ಓಡಾಡುತ್ತಿದೆ. "ಬ್ಯಾಡ ಕಣಪ್ಪ. ಬುಟ್ಟೋದೋನೇ ಬಂದು ಕರ್ಕಂಡೋಗ್ಲಿ."

ಬಿಟ್ಟುಹೋದವನೇ ಬಂದ. ಕೈಗೆ ಸಿಕ್ಕ ಬೋಲ್ಟೊಂದನ್ನು ಪಿನ್ನಿನ ಜಾಗಕ್ಕೆ ತೂರಿಸಿ ಕರೆದುಕೊಂಡು ಹೋದ. "ಒಳ್ಳೆ ಪಿನ್ನು ಸಿಗಗಂಟ" ಅಂತ ಇನ್ನೊಂದು ಏರ್ಪಾಡೂ ಮಾಡಿದ. ಒಂದು ಹುರಿ! ಒಂದು ತುದಿ ಅವನ ಎಡಗೈ ಮಣಿಕಟ್ಟಿಗೆ, ಇನ್ನೊಂದು ತುದಿ ಸೊಪ್ಪಿನ ಮೇಲೆ ಕೂತ ಚಿಕ್ಕಮ್ಮನ ಕೈಗೆ. ಟ್ರೇಲರ್ ಕಳಚಿಕೊಂಡರೆ ಹುರಿ ಎಳೆಯುತ್ತದೆ, ತಕ್ಷಣ ಗೊತ್ತಾಗುತ್ತದೆ.

"ಎತ್ತಿಗೆ ಮೂಗುದಾರ ಆಕದು ಕಂಡಿವ್ನಿ, ಡ್ರೈವರ್‌ಗೆ ಆಕದು ಇದೇ ಮೊದ್ಲು" ಎಂದು ಚಿಕ್ಕಮ್ಮ ಮೂಗು ಮುರಿದಳು. ಊರಿನವರಂತೂ ಬಿಡಲೇ ಇಲ್ಲ. "ಏನ್ಲಾ, ಎಂಡ್ರು ಎಳದಂಗೆ ಓಡಿಸ್ತೀಯಾ?" ಎಂದು ಒಬ್ಬ ಕೇಳಿದರೆ ಚಿಕ್ಕಪ್ಪ, "ನೀನೂ ಅಂಗೇ ಕಣ್ಲಾ, ನಿಂದು ಹುರಿ ಕಾಣಕ್ಕಿಲ್ಲ ಅಷ್ಟೇಯ" ಎನ್ನುತ್ತಿದ್ದ.

ಇಲ್ಲೊಂದು ಗುಟ್ಟು ಹೇಳುತ್ತೇನೆ. ಮನೆಯೊಳಗೆ ಈ ಇಬ್ಬರೂ ನೆಟ್ಟಗೆ ಮಾತಾಡಿದ್ದನ್ನು ನಾನು ನೋಡಿಲ್ಲ. ಉಪ್ಪು ಕೇಳಿದರೂ ಜಗಳ, ಕೇಳದಿದ್ದರೂ ಜಗಳ! ಆದರೆ ಹುರಿ ಬಂದಮೇಲೆ ದಾರಿಯಲ್ಲಿ ಒಂದು ಭಾಷೆಯೇ ಹುಟ್ಟಿಕೊಂಡಿತ್ತು. ಒಂದು ಸಲ ಎಳೆದರೆ ನಿಲ್ಲಿಸು. ಎರಡು ಸಲ ಎಳೆದರೆ ಮೆಲ್ಲಗೆ ಹೋಗು. ಮೂರು ಸಲ ಎಳೆದರೆ ಪೆಟ್ಟಿಗೆ ಅಂಗಡಿಯಲ್ಲಿ ಎಲೆಅಡಿಕೆ ತಗೋ. ಬಿಡದೆ ಎಳೆಯುತ್ತಲೇ ಇದ್ದರೆ, ಎದುರಿಗೆ ಬರುತ್ತಿರುವವರು ನಮ್ಮ ನೆಂಟರು, ನಿಲ್ಲಿಸಿ ಹರಟೆಗೆ ಕೂತೀಯಾ ಜೋಕೆ!

ಅದಿರಲಿ, ಪಿನ್ನಿಗೆ ಬರೋಣ. ಬೋಲ್ಟು ತಾತ್ಕಾಲಿಕ ಅಂದಿದ್ದನಲ್ಲ, ವರ್ಷಗಳೇ ಕಳೆದರೂ ಹೊಸ ಪಿನ್ನು ಬರಲಿಲ್ಲ. ಯಾಕೆ? ಆರಿಸುತ್ತಾ ಇದ್ದ! ಕೊಂಡಿಯ ತೂತನ್ನು ಅಂಗಡಿಗೆ ಹೊತ್ತುಕೊಂಡು ಹೋಗಲು ಆಗುವುದಿಲ್ಲವಲ್ಲ, ಅದಕ್ಕೇ ಅಳತೆಗೆ ಅಂತ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಸ್ನೇಹಿತನಿಂದ ಮರದ ಪಿನ್ನೊಂದನ್ನು ಮಾಡಿಸಿಕೊಂಡಿದ್ದ. ಆ ಸ್ನೇಹಿತ ಅದಕ್ಕೆ ಕೆಂಪು, ಹಳದಿ, ಹಸಿರು ಅರಗು ಬಳಿದು ಫಳಫಳ ಹೊಳೆಯಿಸಿಕೊಟ್ಟ.

"ಬಣ್ಣ ಯಾಕ್ಲಾ ಬಳ್ದೆ? ಅಳ್ತೆಗೆ ಕಣ್ಲಾ ಇದು!"

"ಬಣ್ಣ ಇಲ್ದಂಗೆ ನಮ್ಮಂಗ್ಡಿಯಿಂದ ಒಂದು ಕಡ್ಡೀನೂ ಆಚೆ ಓಗಕ್ಕಿಲ್ಲ ಕಣ್ಲಾ. ನನ್ನ ಮರ್ಯಾದೆ ಏನಾಗ್ಬೇಕು?"

ಅಂದಿನಿಂದ ಆ ಬಣ್ಣದ ಪಿನ್ನು ಚಿಕ್ಕಪ್ಪನ ಜೇಬಿನಲ್ಲಿ. ಮದುವೆ ಮನೆಗೆ ಹೋದರೂ ಜೇಬಿನಲ್ಲಿ, ತಿಥಿ ಮನೆಗೆ ಹೋದರೂ ಜೇಬಿನಲ್ಲಿ.

ಕೊನೆಗೆ ಹೋದ ಸಲದ ರೇಷ್ಮೆ ಬೆಳೆಯಲ್ಲಿ ಚಿಕ್ಕಮ್ಮನ ತಾಳ್ಮೆ ಮುಗಿಯಿತು. ಬೋಲ್ಟು ನಡುವೆ ಬಾಗಿ ಬಾಳೆಕಾಯಿಯ ಹಾಗೆ ಆಗಿತ್ತು. ಅದನ್ನು ಕಿತ್ತು ಅಂಗಳದಲ್ಲಿ ಚಿಕ್ಕಪ್ಪನ ಮುಂದೆ ಒಗೆದಳು. "ನೋಡಿ, ನಿಮ್ಮಂಗೇ ಆಗೈತೆ. ಒಸಿ ಎಳದ್ರೆ ಮುರ್ದೋಯ್ತದೆ. ಪಿನ್ನು ಬರಗಂಟ ನಾನು ಆ ಟ್ರೇಲರ್ ಅತ್ತಕ್ಕಿಲ್ಲ."

ಹೇಳಿದ್ದು ಎಂಥ ಹೊತ್ತಿನಲ್ಲಿ ಅಂತೀರಿ! ರೇಷ್ಮೆ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ, ಹುಳ ತಿನ್ನುವುದನ್ನು ಬಿಟ್ಟು ತೆಪ್ಪಗೆ ಕೂತು ಪೊರೆ ಬಿಡುವ ಹೊತ್ತು. ಆದರೆ ಆ ಜ್ವರದಿಂದ ಎದ್ದವು ಅನ್ನಿ, ಅವಕ್ಕಿರುವುದು ಹೊಟ್ಟೆಯಲ್ಲ, ಬಾವಿ! ಮನೆಯಲ್ಲಿ ಸೊಪ್ಪು ಮುಗಿದಿತ್ತು. ಕೊಂಡಿದ್ದ ಸೊಪ್ಪು ಪಕ್ಕದೂರಿನ ತೋಟದಲ್ಲೇ ನಿಂತಿತ್ತು. ಟ್ರೇಲರ್ ಹೊರಡದಿದ್ದರೆ ಚಿಕ್ಕಮ್ಮ ಅಷ್ಟು ದಿನ ಮಗುವಿನ ಹಾಗೆ ಸಾಕಿದ ಬೆಳೆ ಪೂರ್ತಿ ನೆಲಕಚ್ಚುತ್ತಿತ್ತು. ಹುಳ ಏಳುವುದರೊಳಗೆ ಪಿನ್ನು ಬರಬೇಕು. ಆವತ್ತು ನನಗೆ ರಜೆ. ರಜೆ ಅಂತ ಬಾಯಿಬಿಟ್ಟದ್ದೇ ಯಡವಟ್ಟಾಯಿತು.

ಬೆಳಿಗ್ಗೆ ಚನ್ನಪಟ್ಟಣ. ಅಂಗಡಿಯವನು ಪಿನ್ನು ಕೈಗೆ ಕೊಟ್ಟು, "ಇದರಂಥಾ ಮಾಲು ಇನ್ನೆಲ್ಲೂ ಸಿಗಲ್ಲ ಯಜಮಾನ್ರೇ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ತದೆ" ಎಂದು ಶುರುಮಾಡಿದ. ಚಿಕ್ಕಪ್ಪ ಪಿನ್ನು ವಾಪಸ್ ಇಟ್ಟು ಆಚೆ ಬಂದ.

"ಯಾಕೆ ಚಿಕ್ಕಪ್ಪ? ಚೆನ್ನಾಗೇ ಇತ್ತಲ್ಲ?"

"ಅಷ್ಟೊಂದು ಒಗಳ್ತಾವ್ನೆ ಅಂದ್ರೆ ಏನೋ ಐಬೈತೆ ಕಣವ್ವ."

ರಾಮನಗರದಲ್ಲಿ ಅಂಗಡಿಯವನು ಹೊಗಳಲಿಲ್ಲ, ಸುಮ್ಮನೆ ಒಂದು ರಾಶಿ ಪಿನ್ನು ತಂದು ಸುರಿದ. ಚಿಕ್ಕಪ್ಪ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು, ಸ್ಕೂಟರಿನ ಕೀಲಿಯಿಂದ ಟಣ್ ಟಣ್ ಅಂತ ಬಡಿದು ಕೇಳಿಸಿಕೊಳ್ಳತೊಡಗಿದ. ಸಂತೆಯಲ್ಲಿ ಮಡಕೆ ಕೊಳ್ಳುವವರು ಬಡಿದು ನೋಡುತ್ತಾರಲ್ಲ, ಹಾಗೆ. "ಏನ್ ಸ್ವಾಮಿ, ಸಂಗೀತ ಕಛೇರಿನಾ?" ಎಂದ ಅಂಗಡಿಯವನು. ಒಂದೇ ಒಂದು ಪಿನ್ನು ರಾಗದಲ್ಲಿ ಪಾಸಾಯಿತು. ಅಳತೆಯಲ್ಲಿ ಫೇಲು. ಬಣ್ಣದ ಪಿನ್ನಿನ ಪಕ್ಕಕ್ಕೆ ಹಿಡಿದು ನೋಡಿ ಚಿಕ್ಕಪ್ಪ ತಲೆಯಾಡಿಸಿದ.

"ಒಂದು ಕೂದಲೆಳೆ ದಪ್ಪ, ಅಷ್ಟೇ ತಾನೇ?" ಎಂದೆ ನಾನು. ಬಿಸಿಲು ನೆತ್ತಿಗೇರುತ್ತಿತ್ತು.

"ಬಿಗಿ ಆದ್ರೆ ತಿರುವಿನಾಗೆ ಮುರೀತದೆ. ಸಡ್ಲ ಆದ್ರೆ ಗುಂಡೀಲಿ ಎಗರ್ತದೆ. ಬಿಗೀನೂ ಇರಬಾರ್ದು, ಸಡ್ಲಾನೂ ಇರಬಾರ್ದು. ಇಷ್ಟು ಓದಿದ್ದೀಯ, ಅಷ್ಟು ತಿಳಿಯಕ್ಕಿಲ್ವಾ ನಿಂಗೆ?"

ಕಾಫಿ ಕುಡಿಯಲು ಹೋಟೆಲಿಗೆ ಹೋದರೆ ಅಲ್ಲೊಂದು ಹೊಸ ಫಜೀತಿ. ಪಕ್ಕದಲ್ಲಿ ಕೂತಿದ್ದ ತಾಯಿಯ ಮಡಿಲಿನ ಕೂಸು ಚಿಕ್ಕಪ್ಪನ ಕೈಯಲ್ಲಿದ್ದ ಬಣ್ಣದ ಪಿನ್ನನ್ನು ಕಿತ್ತುಕೊಂಡು ಬಾಯಿಗೆ ಹಾಕಿಕೊಂಡಿತು. ಆ ತಾಯಿ ಗಾಬರಿಯಾಗಿ ಬಿಡಿಸಲು ಹೋದರೆ ಚಿಕ್ಕಪ್ಪ ತಡೆದ. "ಕಚ್ಚಲಿ ಬುಡವ್ವ, ಪಾಪ. ಅಳ್ತೆ ಸವೆಯದಂಗೆ ಕಚ್ಚು ಅಂತ ಒಸಿ ಯೋಳು, ಸಾಕು."

ಆಗಲೇ ಚಿಕ್ಕಮ್ಮನ ಫೋನು. "ಎಲ್ಲಿ ಸತ್ರಿ? ಇಲ್ಲಿ ಒಂದೊಂದೇ ಎದ್ದು ಅರಿದಾಡ್ತಾ ಅವೆ!"

ಮಾಗಡಿಗೆ ಹೊರಟೆವು. ಆ ರಸ್ತೆಯ ಪ್ರತಿ ಉಬ್ಬಿಗೂ ಚಿಕ್ಕಪ್ಪ ಹಿಂದಿನಿಂದ, "ಇಂಥಾದ್ರಲ್ಲೇ ಕಣವ್ವ ಎಗರಾದು" ಎಂದು ಪಾಠ ಮಾಡುತ್ತಿದ್ದ. ಮಾಗಡಿಯ ಅಂಗಡಿಯಲ್ಲಿದ್ದದ್ದು ಹೊಸ ನಮೂನೆ. ಪಿನ್ನಿಗೇ ಬೀಗ! ತೂರಿಸಿ ಬೀಗ ಹಾಕಿದರೆ ಮುಗಿಯಿತು, ಎಗರುವುದೂ ಇಲ್ಲ, ಟ್ರೇಲರನ್ನು ಕಳ್ಳರು ಬಿಚ್ಚಿಕೊಂಡು ಹೋಗುವುದೂ ಇಲ್ಲ. ಅಳತೆ ಸರಿಯಿತ್ತು. ಸದ್ದೂ ಸರಿಯಿತ್ತು. ನಾನು ಮನಸ್ಸಿನಲ್ಲೇ ಮಾಗಡಿ ರಂಗನಾಥನಿಗೆ ಕೈಮುಗಿದೆ. ಚಿಕ್ಕಪ್ಪ ಬೀಗದ ಕೈಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದ.

"ಇದು ಯಾರ್ ತಾವ ಇರಬೇಕು?"

"ನಿಮ್ಮ ಹತ್ರ ಇಟ್ಕಳಿ ಯಜಮಾನ್ರೇ."

"ನನ್ ತಾವ ಇದ್ರೆ ಕಳೀತೀನಿ. ಅವ್ಳ ತಾವ ಇದ್ರೆ ಕೊಡಕ್ಕಿಲ್ಲ. ಬ್ಯಾಡ."

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಫೋನು ಮತ್ತೆ ಬಡಿದುಕೊಂಡಿತು. "ಅರ್ಧಕ್ಕರ್ಧ ಎದ್ದವೆ ಕಣೇ! ತಟ್ಟೆ ಅಂಚಿಗೆ ಬಂದು ನನ್ ಮಕನೇ ನೋಡ್ತಾ ಅವೆ!" ಈ ಸಲ ಚಿಕ್ಕಮ್ಮನ ದನಿ ಬೈಗುಳದ್ದಲ್ಲ. ನಾನು ಚಿಕ್ಕಪ್ಪನ ಮುಖ ನೋಡಿದೆ. ಅವನು ಬೀಗದ ಕೈಯನ್ನು ಅಂಗಡಿಯವನಿಗೆ ವಾಪಸ್ ಕೊಟ್ಟು ಸ್ಕೂಟರ್ ಹತ್ತಿದ. ಕನಕಪುರದವರೆಗೆ ಒಂದು ಉಬ್ಬಿನ ಬಗ್ಗೆಯೂ ಪಾಠ ಮಾಡಲಿಲ್ಲ.

ಕನಕಪುರದಲ್ಲಿ ಹೊಕ್ಕದ್ದು ಹಳೇ ಸಾಮಾನಿನ ಅಂಗಡಿ. ಮಗ ಊಟಕ್ಕೆ ಹೋಗಿದ್ದ, ಅವನ ತಾಯಿ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಚಿಕ್ಕಪ್ಪ ಪಿನ್ನು ಕೇಳಿದ. ಎಲ್ಲ ಅಂಗಡಿಯವರೂ ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಟನ್ ಹೊರಬೇಕು ಅಂತ. ಈ ಅಜ್ಜಿ ಸುಣ್ಣದ ಬೆರಳು ಒರೆಸಿಕೊಂಡು ಕೇಳಿದ್ದೇ ಬೇರೆ.

"ಏನು ತುಂಬ್ತೀಯಪ್ಪ?"

"ಸೊಪ್ಪು ಕಣವ್ವ."

"ಮೇಲೆ ಯಾರು ಕುಂತ್ಕತಾರೆ?"

ಚಿಕ್ಕಪ್ಪ ಜೇಬಿನಿಂದ ಬಣ್ಣದ ಪಿನ್ನು ತೆಗೆದ. ಆಮೇಲೆ, ಹೆಣ್ಣು ನೋಡಲು ಹೋದಾಗ ಕಾಫಿ ಲೋಟ ನೋಡಿದ್ದನಲ್ಲ, ಹಾಗೆಯೇ ಅದನ್ನು ನೋಡಿಕೊಂಡು, "ಮನೆಯೋಳು" ಅಂದ.

ಅಜ್ಜಿ ಮುಂದಿದ್ದ ರಾಶಿಯನ್ನು ಮುಟ್ಟಲಿಲ್ಲ. ಎದ್ದು ಒಳಗೆ ಹೋಗಿ, ಗ್ರೀಸು ಮೆತ್ತಿದ ಹಳೇ ಪಿನ್ನೊಂದನ್ನು ಕ್ಲಿಪ್ಪಿನ ಸಮೇತ ತಂದು ಕೈಗಿಟ್ಟರು. ಬಣ್ಣದ ಪಿನ್ನಿನ ಪಕ್ಕಕ್ಕೆ ಹಿಡಿದರೆ ಅವಳಿ ಜವಳಿ! ನಾನು ಸ್ಕೂಟರಿನ ಕೀಲಿ ಮುಂದೆ ಚಾಚಿದೆ, ಬಡಿದು ಕೇಳಲಿ ಅಂತ. "ಬ್ಯಾಡ ಬುಡು" ಅಂದ ಚಿಕ್ಕಪ್ಪ. ಹೊರಡುವಾಗ ಅಜ್ಜಿ ಹಿಂದಿನಿಂದ ಕೂಗಿ ಹೇಳಿದರು, "ಕ್ಲಿಪ್ಪಲ್ಲಿ ಕಿವಿ ಕೆರ್ಕಬ್ಯಾಡ!" ಅಂದರೆ ಈ ಉಪಯೋಗ ಕಂಡುಹಿಡಿದವನು ನಮ್ಮ ಚಿಕ್ಕಪ್ಪ ಒಬ್ಬನೇ ಅಲ್ಲ ಅಂತಾಯಿತು!

ಊರು ಸೇರಿದಾಗ ಬಿಸಿಲು ಇಳಿಯುತ್ತಿತ್ತು. ಚಿಕ್ಕಮ್ಮ ಕುಡುಗೋಲು, ಗೋಣಿತಾಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಬಗ್ಗಿ ನೋಡಿದಳು. ಪಿನ್ನು ತೂತಿಗೆ ಇಳಿದ ರೀತಿ ನೋಡಬೇಕಿತ್ತು ನೀವು! ಚಿಕ್ಕಪ್ಪ ಕ್ಲಿಪ್ಪು ಸಿಕ್ಕಿಸಿ, ಎರಡು ಸಲ ಒದ್ದು ನೋಡಿ, ಸೀಟು ಹತ್ತಿದ. ಮಣಿಕಟ್ಟಿಗೆ ಕಟ್ಟಿಕೊಳ್ಳುವ ಆ ಹಳೇ ಹುರಿಯನ್ನು ಸುತ್ತಿ ಸುತ್ತಿ, ದೊಡ್ಡ ಯುದ್ಧ ಗೆದ್ದವನ ಹಾಗೆ, ಸೀಟಿನ ಪಕ್ಕಕ್ಕೆ ತುರುಕಿದ.

"ಇನ್ಮೇಕೆ ಇದರ ಕೆಲ್ಸ ಇಲ್ಲ" ಅಂದ.

ಚಿಕ್ಕಮ್ಮ ಖಾಲಿ ಟ್ರೇಲರ್ ಹತ್ತಿ ಮುಂದಿನ ಅಂಚಿಗೆ ಕೂತಳು. ಕೈ ಅಭ್ಯಾಸಬಲದಿಂದ ಮುಂದಕ್ಕೆ ಹೋಗಿ ಗಾಳಿಯಲ್ಲಿ ನಿಂತಿತು.

"ಹುರಿ ಎಲ್ಲಿ?"

"ಪಿನ್ನು ಐತಲ್ಲಮ್ಮೀ, ಇನ್ನು ಹುರಿ ಯಾಕೆ?"

"ಪಿನ್ನು ಟ್ರೇಲರ್ನ ಹಿಡ್ಕತದೆ. ನಾನು ಏನು ಹಿಡ್ಕಳ್ಳಿ?"

ಊರಿಡೀ ನಕ್ಕ ಹುರಿ, ತಾನೇ ಮೂಗುದಾರ ಅಂದ ಹುರಿ! ಇಳಿದು ಬಂದು, ಸೀಟಿನ ಪಕ್ಕದಿಂದ ಅದನ್ನು ತಾನೇ ಎಳೆದು ತೆಗೆದಳು. "ಕೈ ನೀಡಿ ಇಲ್ಲಿ" ಅಂದಳು. ಚಿಕ್ಕಪ್ಪ ನೀಡಿದ. ಗಂಟು ಹಾಕುವಷ್ಟು ಹೊತ್ತೂ ಅವನು ಸ್ಟೇರಿಂಗನ್ನೇ ನೋಡುತ್ತಿದ್ದ.

ಟ್ರ್ಯಾಕ್ಟರ್ ಹೊರಟಿತು. ಇನ್ನು ಬೇಡ ಅಂತ ಚಿಕ್ಕಪ್ಪ ನನಗೆ ಕೊಟ್ಟ ಬಣ್ಣದ ಪಿನ್ನನ್ನು ಹಿಡಿದು ನಾನು ಬೀದಿಯಲ್ಲೇ ನಿಂತು ನೋಡಿದೆ. ಇಬ್ಬರ ನಡುವಿನ ಆ ಹುರಿ ಬಿಗಿಯೂ ಇರಲಿಲ್ಲ, ಸಡಿಲವೂ ಇರಲಿಲ್ಲ. ಬೀದಿಯ ಕೊನೆಯ ಪೆಟ್ಟಿಗೆ ಅಂಗಡಿಯ ಮುಂದೆ ಟ್ರ್ಯಾಕ್ಟರ್ ಗಕ್ಕನೆ ನಿಂತಿತು. ಚಿಕ್ಕಪ್ಪ, ಹುರಿ ಕಟ್ಟಿದ ಕೈಯನ್ನು ಹಿಂದಕ್ಕೇ ಬಿಟ್ಟು, ಇನ್ನೊಂದು ಕೈ ಚಾಚಿ ಅಂಗಡಿಯವನಿಂದ ಏನೋ ಈಸಿಕೊಂಡು ಹಿಂದಕ್ಕೆ ಕೊಟ್ಟ. ಮೂರು ಸಲ ಎಳೆದಿದ್ದಾಳೆ!

ಹುಳ ಹಸಿದಿದ್ದವು, ನಿಜ. ಒಂದು ಎಲೆಅಡಿಕೆ ಮಡಿಚುವಷ್ಟು ಹೊತ್ತು ಹಸಿದಿರಲಿ ಬಿಡಿ.