ಮೊಮ್ಮಗಳ ಮುಖ, ಮಗನ ಗಂಡಾಂತರ

ಕೂಸು ಹುಟ್ಟಿದ ಮನೇಲಿ ನಗೋ ಅಂಥದ್ದು ಏನಾದ್ರೂ ಆಗ್ತಾನೇ ಇರ್ತದೆ. ಆದ್ರೆ ಆಗೋವಾಗ ನಗು ಬರಲ್ಲ. ಶಿರಾಡಿ ಘಾಟೀಲಿ ಬ್ರೇಕಿಲ್ಲದ ಲಾರಿ ಇಳಿಸಿದೋನು ನಾನು. ಹೆದರಿಕೆ ಅಂದ್ರೇನು ಅಂತ ಗೊತ್ತಾಗಿದ್ದು ಕೊರೋನಾ ಕಾಲದಾಗೆ, ಅಮೆರಿಕದ ಆಲ್ಫರೆಟಾದಲ್ಲಿ ಸೊಸೆಗೆ ಹೆರಿಗೆ ಆದಾಗ.

೧

ಆಸ್ಪತ್ರೆ ಒಳಕ್ಕೆ ಮಗನೊಬ್ಬನ್ನೇ ಬಿಟ್ಟಿದ್ರು. ಅವನು ಫೋನ್ ಮಾಡಿ, "ಅಪ್ಪಾ, ಹೆಣ್ಣು ಮಗು" ಅಂದ. ನಾನು ಊರಿಗೆಲ್ಲಾ ಸುದ್ದಿ ಮುಟ್ಟಿಸ್ದೆ. ಕೊನೆಗೆ ನಮ್ಮೂರ ಜೋಯಿಸರಿಗೆ ಫೋನ್ ಮಾಡಿ, "ಭಾನುವಾರ ಸಂಜೆ ಏಳೂವರೆ, ನಕ್ಷತ್ರ ನೋಡಿ" ಅಂದೆ.

"ಮೂಲಾ ನಕ್ಷತ್ರ ಕಣಪ್ಪಾ. ಶಾಂತಿ ಮಾಡಿಸೋ ತನಕ ತಂದೆ ಮಗೀನ ಮುಖ ನೋಡಕೂಡ್ದು. ನೋಡಿದ್ರೆ ಅವನ ಪ್ರಾಣಕ್ಕೇ ಕಂಟಕ."

ನನಗಿರೋದು ಒಬ್ಬನೇ ಮಗ. ಫೋನ್ ಹಚ್ಚಿ, "ಲೋ, ಮಗೀನ ಮುಖ ನೋಡಿದ್ಯಾ?" ಅಂದೆ.

"ಹೊಕ್ಕಳಬಳ್ಳಿ ಕಟ್ ಮಾಡಿದ್ದೇ ನಾನು!"

ನಾನು ದೇವರ ಪಟದ ಕಡೆ ತಿರುಗಿ ಕೈ ಮುಗಿದೆ.

"ಆದ್ರೆ ಮಾಸ್ಕ್ ಹಾಕಿದ್ನಲ್ಲಾ, ಕನ್ನಡಕಕ್ಕೆಲ್ಲಾ ಆವಿ ಹಿಡಿದು ಏನೂ ಸರಿಯಾಗಿ ಕಾಣ್ಲಿಲ್ಲಪ್ಪಾ."

"ಬದುಕ್ಕೊಂಡೆ! ಹಂಗೇ ಇರು, ಒರೆಸ್ಬೇಡ!"

೨

ಜೋಯಿಸರ ಮಾತು ಹೇಳಿದ್ಮೇಲೆ ಮಗ ಆಸ್ಪತ್ರೇಲಿ ಮಗೀಗೆ ಬೆನ್ನು ಹಾಕೇ ದಿನ ದೂಡಿದ್ದ. ಮನೆಗೆ ಕರ್ಕೊಂಡು ಬರೋ ದಿವ್ಸ ನಾನೂ ಹೋದೆ. ಮಗ ಡ್ರೈವರ್ ಸೀಟಲ್ಲಿ, ನಾನು ಪಕ್ಕದಲ್ಲಿ, ಸೊಸೆ, ಮಗು ಹಿಂದೆ. ಕನ್ನಡೀಲಿ ಮುಖ ಕಂಡುಬಿಟ್ರೆ? ಕನ್ನಡೀನೇ ಮೇಲಕ್ಕೆ ತಿರುಗಿಸ್ದೆ.

"ಅಪ್ಪಾ, ಇದು ಫೋರ್ ಹಂಡ್ರೆಡ್ ಹೈವೇ! ಹಿಂದಿನ ಗಾಡಿ ಕಾಣ್ಬೇಕು!"

"ನಾನಿಲ್ವೇನೋ? ಓಡ್ಸು!" ಅಂತ ಕ್ಲೀನರ್ ಥರ ಕತ್ತು ಆಚೆ ಹಾಕಿ, "ಬರ್ಲಿ, ಬರ್ಲಿ, ರೈಟ್!" ಅಂತ ದಾರಿ ಪೂರ್ತಿ ಕೂಗ್ದೆ. ಪಕ್ಕದ ಕಾರೋರೆಲ್ಲಾ ದೂರ ಸರಿದ್ರು. ನಂಗೋ ಬಾಯಲ್ಲಿ ಜೀವ.

ಮನೆ ಮುಂದೆ ಇಳಿದ್ಮೇಲೆ ಸೊಸೆ ಮೆಲ್ಲಗೆ, "ಮಾವ, ಮಗು ಸೀಟು ಹಿಂದಕ್ಕೆ ತಿರುಗಿದೆ. ಯಾವ ಕನ್ನಡೀಲೂ ಮುಖ ಕಾಣಲ್ಲ" ಅಂದ್ಲು.

೩

ಮಗನ್ನ ಬೇಸ್‌ಮೆಂಟಿಗೆ ಹಾಕ್ದೆ. ಮೇಲೆ ಮಗೀನ ಕೆಲಸ ನನ್ನ ಹೆಂಡ್ತಿ ನೋಡ್ಕೊಂಡ್ಲು. ಅವನು ಕೆಮ್ಮಿದ್ರೂ ನನ್ನ ಜೀವ ಹಾರ್ತಿತ್ತು. ಶಾಂತಿಗೆ ದಿನ ಕೇಳೋಣ ಅಂತ ಜೋಯಿಸರಿಗೆ ಮತ್ತೆ ಫೋನ್ ಮಾಡ್ದೆ.

"ಅಂದಂಗೆ, ಏಳೂವರೆ ಅಂದ್ಯಲ್ಲಾ, ಅದು ಇಲ್ಲೀ ಸಂಜೆನೋ, ಅಮೆರಿಕದ ಸಂಜೆನೋ?"

"ಅಮೆರಿಕದ್ದೇ! ಹುಟ್ಟಿದ್ದು ಇಲ್ಲೇ ಅಲ್ವಾ?"

"ಅಯ್ಯೋ ಪುಣ್ಯಾತ್ಮ, ಆವಾಗ ನಮಗೆ ಸೋಮವಾರ ಬೆಳಕು ಹರೀತಿತ್ತು! ಅದು ಮೂಲಾ ಅಲ್ಲ, ಪೂರ್ವಾಷಾಢ. ಯಾವ ದೋಷಾನೂ ಇಲ್ಲ."

ಕಣ್ಣಲ್ಲಿ ನೀರೇ ಬಂತು. ಫೋನ್ ಹಿಡ್ಕೊಂಡೇ ಕೆಳಕ್ಕೆ ಓಡ್ದೆ. "ಲೋ, ದೋಷ ಇಲ್ವಂತೆ! ಬಾ, ಮಗೀನ ಎತ್ಕೋ!"

ಮಗ ಗಡಬಡಿಸಿ ಎದ್ದ. "ಅಪ್ಪಾ, ಮೆಲ್ಲಗೆ! ಡಯಾಪರ್ ಎಲ್ಲಾ ಅಮ್ಮಾನೇ ನೋಡ್ಕೋತಿದ್ದಾಳೆ, ನಿದ್ದೇಲಿ ಯಾರೂ ಎಬ್ಬಿಸ್ತಿಲ್ಲ. ಆ ದೋಷ ಇನ್ನೊಂದು ತಿಂಗ್ಳು ಇರ್ಲಿ ಬಿಡು."

ತಿರುಗಿ ನೋಡಿದ್ರೆ ಬಾಗಿಲಲ್ಲಿ ಸೊಸೆ, ಕೈಯಲ್ಲಿ ಮಗು. "ಮಾವ, ನಿಮ್ಮ ಫೋನು ಸ್ಪೀಕರಲ್ಲಿದೆ. ಇನ್ನೂ ಕಟ್ ಮಾಡಿಲ್ಲ ನೀವು."

ಫೋನೊಳಗಿಂದ ಜೋಯಿಸರು ಅಂದ್ರು: "ನಾನೂ ಕೇಳಿಸ್ಕೊಂಡೆ ಕಣಮ್ಮಾ. ಈಗ ನಿನ್ನ ಗಂಡನಿಗೆ ಬಂದಿರೋ ಕಂಟಕಕ್ಕೆ ನಮ್ಮ ಹತ್ರ ಶಾಂತಿ ಇಲ್ಲ."