ಅಮ್ಮನ ಬಳೆ ಕರಗಿಸಿದವರು ಯಾರು

ನನ್ನ ಕೆಲಸವೇನೆಂದು ಕೇಳಿದವರಿಗೆ ವಿವರಿಸುವಷ್ಟರಲ್ಲಿ ಅವರ ಕಾಫಿ ಆರಿಹೋಗಿರುತ್ತದೆ. ಮೈಸೂರಿನ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿದ್ದೇನೆ. ನಮಗೆ ಬಿಡಿಭಾಗ ಒದಗಿಸುವವರನ್ನೆಲ್ಲ, ಇದರಲ್ಲಿರುವ ಚಿನ್ನ, ತವರ ಕರಗಿಸಿ ಶುದ್ಧ ಮಾಡಿದವರು ಯಾರು ಎಂದು ಪೀಡಿಸಿ, ಆ ಹೆಸರುಗಳನ್ನು ವಿದೇಶದ ಗಿರಾಕಿಗಳಿಗೆ ವರದಿ ಮಾಡುವುದು ನನ್ನ ಹೊಟ್ಟೆಪಾಡು. ಬಂದೂಕು ಹಿಡಿದವರ ಗಣಿಯಿಂದಲೋ ಮಕ್ಕಳನ್ನು ದುಡಿಸುವ ಗಣಿಯಿಂದಲೋ ಬಂದದ್ದಲ್ಲವೆಂದು ಅವರಿಗೆ ಖಾತ್ರಿಯಾಗಬೇಕು. ಕರಗಿಸಿದವರನ್ನೇ ಯಾಕೆ ಹುಡುಕುವುದೆಂದರೆ, ಒಮ್ಮೆ ಕರಗಿದ ಮೇಲೆ ಯಾವುದು ಎಲ್ಲಿಯದೆಂದು ಬ್ರಹ್ಮನೂ ಹೇಳಲಾರ; ಯಾವ ಗಣಿಯದೆಂದು ಬಲ್ಲ ಕೊನೆಯವರು ಅವರೇ. ‘ಗೊತ್ತಿಲ್ಲ’ ಎಂದು ಬರೆದವರ ಉತ್ತರವನ್ನು ನಾನು ನಿರ್ದಾಕ್ಷಿಣ್ಯವಾಗಿ ವಾಪಸ್ ಕಳಿಸುತ್ತೇನೆ. ಆಫೀಸಿನಲ್ಲಿ ಬೆನ್ನ ಹಿಂದೆ ನನ್ನನ್ನು ಪತ್ತೇದಾರ ಎನ್ನುತ್ತಾರೆ. ಕೇಳಿಸದವನಂತೆ ನಟಿಸಿ ಒಳಗೇ ಹಿಗ್ಗುತ್ತೇನೆ.

ಅಮ್ಮ ಹೋಗಿ ಇನ್ನೂ ವರ್ಷವಾಗಿಲ್ಲ. ಹಾಸಿಗೆ ಹಿಡಿದಾಗ, ನನ್ನ ಮಗಳನ್ನು ತೋರಿಸಿ, “ನನ್ ಬಳೆ ಮುರಿಸ್ಬುಟ್ಟು ಮಗೀಗೆ ಓಲೆ ಮಾಡ್ಸಿ ಕಣಪ್ಪ, ಬೀರುನಲ್ಲಿ ಮಡಗ್ಬೇಡಿ” ಎಂದಿದ್ದಳು. ಮೊನ್ನೆ ನನ್ನ ಹೆಂಡತಿ ಸವಿತಾ ಅದನ್ನು ಒಂಟಿಕೊಪ್ಪಲಿನ ಚಿನ್ನದಂಗಡಿಗೆ ಕೊಟ್ಟೇಬಿಟ್ಟಳು. ನನಗೆ ಹೇಳಲಿಲ್ಲವಲ್ಲ ಎಂದರೆ, “ಕೇಳ್ದೆ ಕಣ್ರೀ. ಲ್ಯಾಪ್‌ಟಾಪ್ ನೋಡ್ತಾ ಹೂಂ ಅಂದ್ರಿ” ಎಂದಳು. ಅಂದಿರಲೂಬಹುದು.

ಒಂದು ಸಲ ಮುಟ್ಟಿ ನೋಡಿ ಕೊಡೋಣವೆಂದು ಸ್ಕೂಟರ್ ಹತ್ತಿ ಓಡಿದೆ. ಅಂಗಡಿಯ ಶೆಟ್ಟರು, “ಆಗ್ಲೇ ಕರಗ್ಸೋಕೆ ಹೋಯ್ತು ಸಾರ್” ಎಂದರು. ಎಲ್ಲಿಗೆ, ಕರಗಿಸುವವರು ಯಾರು ಎಂದೆಲ್ಲ ಕೇಳಿದೆ. ನನ್ನ ಇಮೇಲನ್ನು ನಾನೇ ಗಟ್ಟಿಯಾಗಿ ಓದಿದಂತಿತ್ತು. “ಎಲ್ರುದೂ ಒಟ್ಗೇ ಹಾಕ್ತಾರೆ ಸಾರ್, ನಿಮ್ದು ಯಾವ್ದು ಅಂತ ಎಂಗೇಳೋದು? ಚಿನ್ನ ಚಿನ್ನಾನೇ ಬುಡಿ” ಎಂದ ಶೆಟ್ಟರು, ಕೆತ್ತನೆಯೊಳಗಿನ ಕೊಳೆಗೆಂದು ಚೂರು ತೂಕ ಕಳೆದಿರುವುದನ್ನೂ ಪ್ರಾಮಾಣಿಕವಾಗಿ ತಿಳಿಸಿದರು.

ಅದು ಕೊಳೆಯಲ್ಲ, ರಾಗಿ ಹಿಟ್ಟು. ಮುದ್ದೆ ತಿರುವುವಾಗ ಅಮ್ಮ ಬಳೆಯನ್ನು ಮೊಣಕೈವರೆಗೆ ಏರಿಸಿಕೊಳ್ಳುತ್ತಿದ್ದಳು. ಆದರೂ ಕೆತ್ತನೆಯ ಸಂದಿಯಲ್ಲಿ ಹಿಟ್ಟು ಮೆತ್ತಿಯೇ ಇರುತ್ತಿತ್ತು. ಹಾಗೆಂದು ಹೇಳಲು ಹೋದವನು, ಗಿರಾಕಿಗಳ ನಡುವೆ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಶೆಟ್ಟರು ಗಾಬರಿಯಾಗಿ, ಆ ಕೊಳೆಯ ತೂಕವನ್ನೂ ಸೇರಿಸಿಕೊಡುತ್ತೇನೆ, ಅಳಬೇಡಿ ಎಂದು ನೀರು ತರಿಸಿದರು.

ಓಲೆ ಬಂತು. ಮಗಳು ಕನ್ನಡಿಯ ಮುಂದೆ ನಿಂತು, “ಅಪ್ಪಾ, ಅಜ್ಜಿ ಬಳೆ ಇದ್ರಲ್ಲಿದ್ಯಾ?” ಎಂದಳು. ಪುರಾವೆ ಇಲ್ಲದೆ ಯಾರ ಮಾತನ್ನೂ ಒಪ್ಪದ ಪತ್ತೇದಾರನಾದ ನಾನು, “ಇದೆ ಕಣಮ್ಮ” ಎಂದೆ.

“ಯಾವ್ ಓಲೇಲಿ?”

“ಎರಡ್ರಲ್ಲೂ.”