ತಿರುವಿ ನೋಡುವ ಕಾಕಾ

ಸಿಂಧನೂರಿನಲ್ಲಿ ಇಬ್ಬರು ಎದುರಾದರೆ 'ಊಟ ಆತೇನ್ರಿ' ಎಂದು ಕೇಳುವುದು ವಾಡಿಕೆ. 'ಲೈಸೆನ್ಸ್ ಐತೇನ್ರಿ' ಎಂದು ಕೇಳುವ ಮನುಷ್ಯ ನನ್ನ ಅಪ್ಪನ ತಮ್ಮ, ನಮ್ಮ ಕಾಕಾ ಒಬ್ಬನೇ. ಎದುರಿನವರು ಉಂಡಿರಲಿ, ಉಪವಾಸ ಇರಲಿ, ಅವನಿಗೆ ಸಂಬಂಧವಿಲ್ಲ. ಇದೆ ಎಂದರೆ ತೋರಿಸಬೇಕು. ತೋರಿಸಿದರೆ ಮುಗಿಯಿತೇ? ಎಲ್ಲಿಯ ಮಾತು! ಫೋಟೋ, ಹೆಸರು ಇರುವ ಮುಂದಿನ ಮಗ್ಗುಲನ್ನು ಕಾಕಾ ನೋಡುವುದೇ ಇಲ್ಲ. ಕಾರ್ಡನ್ನು ತಿರುವುತ್ತಾನೆ. ಯಾವ ಯಾವ ಗಾಡಿ ಓಡಿಸಲು ಪರವಾನಿಗೆ ಇದೆ ಎಂದು ಹಿಂದುಗಡೆ ಸಣ್ಣ ಅಕ್ಷರದಲ್ಲಿ ಇರುತ್ತದಲ್ಲ, ಅದನ್ನು ಬೆರಳಿಟ್ಟು ಓದುತ್ತಾನೆ. ಆಮೇಲೆ 'ಎಲ್ಲಾ ಬರೋಬ್ಬರಿ ಐತಿ, ಜ್ವಾಕಿ' ಎಂದು ವಾಪಸು ಕೊಡುತ್ತಾನೆ. ತಮ್ಮ ಲೈಸೆನ್ಸಿಗೆ ಹಿಂದಿನ ಮಗ್ಗುಲು ಎಂಬುದೊಂದು ಇದೆ ಎಂದು ನಮ್ಮ ಓಣಿಯ ಅರ್ಧ ಮಂದಿಗೆ ಗೊತ್ತಾದದ್ದೇ ಕಾಕಾನಿಂದ.

ಆಟೋದವರು, ಹಾಲಿನವರು, ಗ್ಯಾಸ್ ಸಿಲಿಂಡರ್ ತರುವವರು, ಯಾರೂ ತಪ್ಪಿಸಿಕೊಂಡಿಲ್ಲ. ತಪ್ಪಿಸಿಕೊಂಡವನು ನಾನೊಬ್ಬನೇ. ಇಷ್ಟು ವರ್ಷಗಳಲ್ಲಿ ಕಾಕಾ ನನ್ನ ಲೈಸೆನ್ಸನ್ನು ಒಮ್ಮೆಯೂ ಕೇಳಿಲ್ಲ. ಯಾಕೆ ಎಂಬುದನ್ನು ಕೊನೆಗೆ ಹೇಳುತ್ತೇನೆ, ಅಲ್ಲಿಯವರೆಗೆ ನನ್ನ ಧೈರ್ಯ ಉಳಿದರೆ.

ನನ್ನ ತಂಗಿಯನ್ನು ನೋಡಲು ಮಸ್ಕಿಯಿಂದ ವರನ ಕಡೆಯವರು ಬಂದಿದ್ದರು. ಹಿರಿಯರು ಹೊಲ, ನೌಕರಿ, ಬೀಗರು ಎಂದು ಕೇಳಿ ಮುಗಿಸಿದರು. ನಾನು ಬೇಡುತ್ತಲೇ ಇದ್ದೆ: ದೇವರೇ, ಇವತ್ತೊಂದು ದಿನ ಕಾಕಾನ ಬಾಯಿ ಕಟ್ಟು. ದೇವರಿಗೆ ಅಂದು ಬೇರೆ ಕೆಲಸ ಇತ್ತು. ಕಾಕಾ ಚಹದ ಬಸಿ ಕೆಳಗಿಟ್ಟ.

'ತಮ್ಮಾ, ಲೈಸೆನ್ಸ್ ತೋರಸು.'

ಹುಡುಗ ಗಾಬರಿಯಾಗಿ ಅಪ್ಪನ ಮುಖ ನೋಡಿದ. ಅಪ್ಪ ಗೋಡೆ ನೋಡಿದ. ಹುಡುಗ ಮೆಲ್ಲಗೆ ಕಿಸೆಯಿಂದ ಕಾರ್ಡು ತೆಗೆದುಕೊಟ್ಟ. ಕಾಕಾ ತಿರುವಿದ, ಓದಿದ, ಮತ್ತೊಮ್ಮೆ ಓದಿದ.

'ಗೇರ್ ಇಲ್ಲದ ಸ್ಕೂಟರ್ ಅಷ್ಟ ಐತಲ್ಲೋ ತಮ್ಮಾ. ಸಂಸಾರಕ್ಕ ಗೇರ್ ಬೇಕಾಕ್ಕಾವು.'

ಒಳಗಿನಿಂದ ನನ್ನ ತಂಗಿ ನಕ್ಕದ್ದು ಪಡಸಾಲೆಗೆಲ್ಲ ಕೇಳಿಸಿತು. ನಾನು ನಾಚಿಕೆಯಿಂದ ಚಾಪೆಯ ಕಡ್ಡಿ ಎಣಿಸುತ್ತ ಕುಳಿತೆ. ಆ ನಗು ಕೇಳಿಯೇ ಹುಡುಗ ಒಪ್ಪಿದನೆಂದು ಆಮೇಲೆ ತಿಳಿಯಿತು. ಲಗ್ನದ ಮೊದಲು ಅವನು ಗೇರ್ ಇರುವ ಲೈಸೆನ್ಸ್ ಮಾಡಿಸಿ, ಬಸ್ಸು ಹಿಡಿದು ಬಂದು, ಹೆಣ್ಣಿಗಿಂತ ಮೊದಲು ಕಾಕಾನಿಗೆ ತೋರಿಸಿ ಹೋದ.

ಇನ್ನೊಂದು ಸಲ ನನ್ನ ಬೈಕಿನಲ್ಲಿ ಇಬ್ಬರೂ ಲಿಂಗಸುಗೂರಿಗೆ ಹೊರಟಿದ್ದೆವು. ಊರ ಹೊರಗೆ ಪೊಲೀಸನೊಬ್ಬ ಕೈ ಅಡ್ಡ ಹಾಕಿದ. ನಾನು ಹೇಳಿದ ಲೈಸೆನ್ಸ್ ನಂಬರನ್ನು ಮೊಬೈಲಿನಲ್ಲಿ ಒತ್ತಿ, ನನ್ನ ಹೆಸರು, ಊರು, ಅಪ್ಪನ ಹೆಸರು ಎಲ್ಲ ಓದಿಬಿಟ್ಟ. ಕಾಕಾ ಹಿಂದಿನ ಸೀಟಿನಿಂದ ಇಳಿದ.

'ಆಫೀಸಿನ್ಯಾಗಿದ್ದ ದಫ್ತರ ನಿಮ್ಮ ಕಿಸೆದಾಗ ಹೆಂಗ ಬಂತ್ರಿ?'

'ಈಗ ಎಲ್ಲಾ ಒಂದ ಕಡೆ ಇರತಾವ್ರಿ ಯಜಮಾನ್ರ. ಒಂದೂರಾಗ ಬರದದ್ದು ದಿಲ್ಲಿ ಮಟ ಕಾಣ್ತೈತಿ.'

'ಹಂಗಾರ ಒಂದೂರಾಗ ತಪ್ಪ ಬರದ್ರ, ದಿಲ್ಲಿ ಮಟ ತಪ್ಪೇನ್ರಿ?'

ನಾನು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೆ. ಅಷ್ಟಕ್ಕೇ ಬಿಟ್ಟನೇ ಕಾಕಾ? 'ಅದಿರಲಿ, ನಿಮ್ದು ತೋರಸ್ರಿ' ಎಂದ. ಆ ಪುಣ್ಯಾತ್ಮ ಎರಡೂ ಕಿಸೆ ಹುಡುಕಿ, ಮನೆಯಲ್ಲಿ ಬಿಟ್ಟು ಬಂದೀನ್ರಿ ಎಂದು ಒಪ್ಪಿಕೊಂಡ. 'ಇಟಗೊಂಡ ಅಡ್ಡಾಡ್ರಿ. ಪೊಲೀಸ್ರು ಹಿಡದ್ರ ಬಿಡೂದಿಲ್ಲ' ಎಂದು ಬುದ್ಧಿ ಹೇಳಿ ಕಾಕಾ ಬೈಕು ಹತ್ತಿದ.

ನಗುವವರು ನಗಲಿ. ಈ ಹುಚ್ಚು ಕಾಕಾನಿಗೆ ಹುಟ್ಟಿನಿಂದ ಬಂದದ್ದಲ್ಲ, ನಾನು ಹಚ್ಚಿದ್ದು.

ಕಾಕಾ ಅಕ್ಕಿ ಮಿಲ್ಲಿನ ಲಾರಿ ಡ್ರೈವರ್ ಆಗಿದ್ದ. ಸಾಲಗುಂದ, ವಳಕಮದಿನ್ನಿ ಕಡೆಯ ಗದ್ದೆಗಳಿಂದ ನೆಲ್ಲು ಹೇರಿಕೊಂಡು ಬರುವುದು ಅವನ ಕೆಲಸ. ಕಾಲುವೆ ದಂಡೆಯ ಕೆಸರಿನಲ್ಲಿ ತುಂಬಿದ ಲಾರಿಯನ್ನು ಹಿಂದಕ್ಕೆ ತರುವಾಗ ಹಮಾಲರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಆಗಿನ ಲೈಸೆನ್ಸ್ ಒಂದು ಸಣ್ಣ ಪುಸ್ತಕ. ಮೊದಲ ಹಾಳೆಯಲ್ಲಿ ಫೋಟೋ, ಹೆಸರು. ಲಾರಿ, ಬಸ್ಸಿನಂಥ ಹೆವಿ ಗಾಡಿ ಓಡಿಸಬಹುದು ಎಂಬುದು ಒಳಗಿನ ಹಾಳೆಯಲ್ಲಿ, ಕೆಂಪು ಶಾಯಿಯಲ್ಲಿ. ಕಾಕಾ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಯ ಕಿಸೆಯಲ್ಲಿ ಇಡುತ್ತಿದ್ದ.

ಅಷ್ಟರಲ್ಲಿ ಕಂಪ್ಯೂಟರ್ ಬಂತು. ಸಾರಿಗೆ ಕಚೇರಿಯೊಂದರ ಹಳೆಯ ಲೈಸೆನ್ಸುಗಳನ್ನೆಲ್ಲ ಅದರೊಳಗೆ ತುಂಬಬೇಕಿತ್ತು. ಯಾವ ಊರಿನ ಕಚೇರಿ ಎಂದು ಕೇಳಬೇಡಿ, ನನಗೆ ಈಗಲೂ ಅಂಜಿಕೆ. ಗುತ್ತಿಗೆದಾರನೊಬ್ಬ ಡಿಗ್ರಿ ಮುಗಿಸಿ ಖಾಲಿ ಕೂತಿದ್ದ ನಮ್ಮಂಥ ನಾಲ್ವರನ್ನು ಟೈಪ್ ಮಾಡಲು ಕೂರಿಸಿದ. ಪರದೆಯ ಮೇಲೆ ಒಂದು ಮನೆ ಖಾಲಿ ಬಿಟ್ಟರೂ ಯಂತ್ರ ಕೂಗಿಕೊಳ್ಳುತ್ತಿತ್ತು, ಮುಂದಕ್ಕೆ ಹೋಗುತ್ತಿರಲಿಲ್ಲ. ರಕ್ತದ ಗುಂಪು ಯಾವುದು ಎಂದು ಕೇಳುತ್ತಿತ್ತು. ಹಳೆಯ ರಜಿಸ್ಟರಿನಲ್ಲಿ ಅದೆಲ್ಲಿಂದ ಬರಬೇಕು? ಮೇಲ್ವಿಚಾರಕನನ್ನು ಕೇಳಿದರೆ 'ಏನರ ತುಂಬ್ರಿ' ಎಂದ. ನನಗೆ ಗೊತ್ತಿದ್ದದ್ದು ಒಂದೇ ಗುಂಪು, ನನ್ನದು. ಎಲ್ಲರಿಗೂ ಅದನ್ನೇ ದಾನ ಮಾಡಿದೆ! ರಕ್ತ ಕೊಡುವ ಮೊದಲು ಆಸ್ಪತ್ರೆಯವರು ತಾವೇ ಪರೀಕ್ಷೆ ಮಾಡುತ್ತಾರೋ ಇಲ್ಲವೋ ಎಂದು ಆಮೇಲೆ ಎಷ್ಟು ಡಾಕ್ಟರರನ್ನು ಕೇಳಿದ್ದೇನೋ. ಮಾಡುತ್ತಾರೆ ಎಂದು ಪ್ರತಿಯೊಬ್ಬರೂ ಹೇಳಿದ್ದಾರೆ. ಆದರೂ ಮುಂದಿನವರನ್ನು ಕೇಳುತ್ತೇನೆ.

ಲೈಸೆನ್ಸ್ ಪುಸ್ತಕ ಖುದ್ದಾಗಿ ತಂದು ತೋರಿಸಬಹುದು ಎಂದು ಕಚೇರಿಯವರು ಹೇಳಿದ್ದರು. ಕಾಕಾ ಬಂದೇಬಿಟ್ಟ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆ ತುಂಬ ವಿಭೂತಿ, ಕೈಯಲ್ಲಿ ಪೇಪರಿನಲ್ಲಿ ಕಟ್ಟಿಸಿದ ಮಂಡಾಳ ಒಗ್ಗರಣೆ, ಮಿರ್ಚಿ. ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ಒಳಗೆ ಬಂದು, ಕಂಪ್ಯೂಟರಿಗೆ ಕೈ ಮುಗಿದ. ಉಳಿದ ಮೂವರು ಕಿಸಕ್ಕೆಂದರು. ಒಬ್ಬ ನನ್ನ ಕಿವಿಯ ಹತ್ತಿರ ಬಂದ.

'ಯಾರಲೇ ಅಂವ?'

'ನಮ್ಮ ಓಣ್ಯಾಂವ' ಎಂದೆ.

ನನ್ನನ್ನು ಹೆಗಲ ಮೇಲೆ ಹೊತ್ತು ಸಾಲೆಗೆ ಬಿಟ್ಟು ಬಂದವನು, ಲಾರಿಯ ಸ್ಟೇರಿಂಗ್ ಮೊದಲ ಸಲ ಮುಟ್ಟಿಸಿದವನು, ನಮ್ಮ ಓಣಿಯವನು! ಕಾಕಾ ಅದನ್ನು ಕೇಳಿಸಿಕೊಂಡ. ನನ್ನ ಕುರ್ಚಿಯ ಹಿಂದೆ ಬಂದು ನಿಂತ. ನನಗೋ ಅವನು ಬೇಗ ಹೋದರೆ ಸಾಕಾಗಿತ್ತು. ಮೊದಲ ಹಾಳೆಯಲ್ಲಿದ್ದದ್ದನ್ನು ಟೈಪ್ ಮಾಡಿದೆ. ರಕ್ತದ ಗುಂಪಿಗೆ ಎಲ್ಲರಂತೆ ನನ್ನದನ್ನೇ ತುಂಬಿದೆ. ಒಳಗಿನ ಹಾಳೆ ತಿರುವಲಿಲ್ಲ. ಮುಂದಿನ ಪರದೆಯಲ್ಲಿ ಅದಾಗಿಯೇ 'ಲೈಟ್' ಎಂದು, ಅಂದರೆ ಸಣ್ಣ ಗಾಡಿ ಎಂದು, ಇತ್ತು, ಹಾಗೆಯೇ ಬಿಟ್ಟು ಒತ್ತಿದೆ.

'ಹೆಸರು ಒಳಗ ಹೋತೇನಲೇ?'

'ಹೋತು, ನೀ ನಡಿ.'

ಕಾಕಾ ಒಗ್ಗರಣೆಯ ಪೊಟ್ಟಣವನ್ನು ನನ್ನ ಮೇಜಿನ ಮೇಲಿಟ್ಟು ಹೋದ. ನಗುತ್ತಿದ್ದ ಮೂವರೂ ಅದನ್ನು ತಿಂದರು. ನಾನೂ ತಿಂದೆ.

ಮುಂದೆ ಲೈಸೆನ್ಸ್ ನವೀಕರಿಸುವ ಕಾಲ ಬಂತು. ಕಾಕಾನ ಜೊತೆ ನಾನೇ ಹೋಗಿದ್ದೆ. ಕೌಂಟರಿನ ಗುಮಾಸ್ತ ಪರದೆ ನೋಡಿ, 'ಯಜಮಾನ್ರ, ನಿಮಗ ಹೆವಿ ಇಲ್ಲರಿ. ಕಾರ್, ಸಣ್ಣ ಗಾಡಿ ಅಷ್ಟ ಐತಿ' ಎಂದ. ಅರ್ಧ ಆಯುಷ್ಯ ಲಾರಿಯಲ್ಲಿ ಕಳೆದವನಿಗೆ ನೀನು ಲಾರಿ ಹತ್ತಿಯೇ ಇಲ್ಲ ಎಂದಂತಾಯಿತು. ಗುಮಾಸ್ತ ದಾರಿಯನ್ನೂ ಹೇಳಿದ.

'ಹಳೇ ಪುಸ್ತಕ ಹಚ್ಚಿ ಅರ್ಜಿ ಕೊಡ್ರಿ. ಯಾರು ಟೈಪ್ ಮಾಡ್ಯಾರಂತ ತಗಿಸಿ, ಅವರಿಗೆ ನೋಟಿಸ್ ಕೊಟ್ಟು, ಆಮ್ಯಾಲ ತಿದ್ದತೀವಿ.'

ಆ ವಾರವೇ ನನಗೆ ಸರಕಾರಿ ನೌಕರಿಯ ಆದೇಶ ಬಂದಿತ್ತು. ನೋಟಿಸ್ ಬಂದರೆ ಅದು ಕೈ ತಪ್ಪಬಹುದಿತ್ತು. ಎದೆಯ ಕಿಸೆಗೆ ಹೋಗಿದ್ದ ಕಾಕಾನ ಕೈ ಅಲ್ಲಿಯೇ ನಿಂತಿತು. ನನ್ನನ್ನು ಒಮ್ಮೆ ನೋಡಿ ಕೈ ಕೆಳಗಿಳಿಸಿದ.

'ಪುಸ್ತಕ ಕಳದೈತ್ರಿ' ಎಂದ.

ಆಗ ನನಗೆ ಏನೆನಿಸಿತು ಗೊತ್ತೇ? ದುಃಖವಲ್ಲ, ಸಮಾಧಾನ. ಉಸಿರು ಬಿಟ್ಟೆ. ಪುಸ್ತಕ ನಿಜವಾಗಿ ಕಳೆದಿದೆ ಎಂದು ನಂಬುವುದು ನನಗೆ ಅನುಕೂಲವಾಗಿತ್ತು, ನಂಬಿದೆ.

ಮಿಲ್ಲಿನವರು ಲಾರಿಯನ್ನು ಬೇರೆಯವನಿಗೆ ಕೊಟ್ಟರು. ಕಾಕಾ ಸಣ್ಣ ಗೂಡ್ಸ್ ಗಾಡಿಯಲ್ಲಿ ನೀರಿನ ಕ್ಯಾನು ಹಂಚತೊಡಗಿದ. ಮಸ್ಕಿ ರಸ್ತೆಯಲ್ಲಿ ನೆಲ್ಲಿನ ಲಾರಿ ಬಂದರೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಅದು ಮರೆಯಾಗುವವರೆಗೆ ನೋಡುತ್ತಾನೆ. ಕಂಡಕಂಡವರ ಲೈಸೆನ್ಸನ್ನು ತಿರುವಿ ನೋಡುವ ಚಟ ಶುರುವಾದದ್ದೂ ಆಗಲೇ. ಜನ ನಗುತ್ತಿದ್ದರು. ಅವರ ಜೊತೆ ನಾನೂ ನಗುತ್ತಿದ್ದೆ.

ಮೊನ್ನೆ ಕಾಕಾನ ಮನೆಗೆ ಹೋಗಿದ್ದೆ. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಕೌದಿ ಬಿಸಿಲಿಗೆ ಹಾಕಲು ಟ್ರಂಕು ತೆಗೆದಳು. ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆ ಪುಸ್ತಕ ಇತ್ತು.

'ಚಿಗವ್ವಾ, ಇದು ಕಳದಿತ್ತಲ್ಲ?'

'ಯಾವಾಗ ಕಳದಿತ್ತಪ? ಆಫೀಸಿನಿಂದ ಬಂದ ಕೂಡ್ಲೆ ಟ್ರಂಕಿನ್ಯಾಗ ಇಟ್ಟು, ಇದನ್ನ ತಗೀಬ್ಯಾಡ ಅಂದಿದ್ರು ನಿಮ್ಮ ಕಾಕಾ.'

ಅದನ್ನು ಹಿಡಿದುಕೊಂಡು ಅಂಗಳಕ್ಕೆ ಬಂದೆ. ಕಾಕಾ ಗಾಡಿಯ ಗಾಜು ಒರೆಸುತ್ತಿದ್ದ.

'ಕಾಕಾ, ಈ ಹಾಳಿ ಬಿಟ್ಟಾಂವ ನಾನ.'

'ಗೊತ್ತೈತಿ. ಹಿಂದ ನಿಂತಿದ್ನಲ್ಲ.'

'ಮತ್ತ ಅವತ್ತ ಯಾಕ ಹೇಳಲಿಲ್ಲ?'

'ನಿನ್ನ ದೋಸ್ತರು ನಗಾಕತ್ತಿದ್ರು. ನೀ ನಾಚಗೊಂಡಿದ್ದಿ. ನಾ ಲಗೂ ಹೊಂಟ್ರ ನಿನಗ ಹಗುರ ಆಕ್ಕೈತಿ ಅನಸ್ತು.' ಅರಿವೆಯನ್ನು ಬಕೀಟಿನಲ್ಲಿ ಅದ್ದಿ ಹಿಂಡಿದ. 'ನೋಟಿಸ್ ಅಂದಾಗಂತೂ ನಿನ್ನ ಮಾರಿ ನೋಡಾಕ ಆಗಲಿಲ್ಲ. ನಾ ಬೇಕಾದಷ್ಟು ಲಾರಿ ಹೊಡದಿದ್ದೆ. ನಿಂದು ಇನ್ನೂ ಸುರು ಆಗಬೇಕಿತ್ತು.'

'ಎಲ್ಲಾರ ಲೈಸೆನ್ಸ್ ಕೇಳ್ತಿ. ನಂದು ಯಾಕ ಒಮ್ಮೆನೂ ಕೇಳಿಲ್ಲ?'

'ಕೇಳಿದ್ರ ನಿನಗ ನೆನಪಾಕ್ಕಿತ್ತಲ್ಲ.'

ನನಗೆ ಅಳು ಬಂತು, ಅತ್ತುಬಿಟ್ಟೆ. ಕಾಕಾ ಗಾಜು ಒರೆಸುವುದನ್ನು ಬಿಡಲಿಲ್ಲ.

ಅಲ್ಲಿಯೇ ಕಟ್ಟೆಯ ಮೇಲೆ ಕುಳಿತು ಅರ್ಜಿ ಬರೆದೆ. ಲೈಸೆನ್ಸಿನ ಒಳಗಿನ ಹಾಳೆಯನ್ನು ಬಿಟ್ಟು ಟೈಪ್ ಮಾಡಿದವನು ನಾನು, ತಪ್ಪು ನನ್ನದು, ಹೆವಿ ಪರವಾನಿಗೆಯನ್ನು ಸೇರಿಸಿಕೊಡಬೇಕು, ಲೈಸೆನ್ಸುದಾರರು ನನ್ನ ಸ್ವಂತ ಕಾಕಾ ಎಂದು. ರಕ್ತದ ಗುಂಪನ್ನೂ ಪರೀಕ್ಷಿಸಿ ತಿದ್ದಬೇಕು ಎಂದು ಕೊನೆಯಲ್ಲಿ ಸೇರಿಸಿದೆ. ನೌಕರಿಗೆ ಏನಾಗುತ್ತದೋ ಆಗಲಿ. ಕೆಳಗೆ ಸಹಿ ಮಾಡಿ ಕಾಕಾನ ಕೈಗೆ ಕೊಟ್ಟೆ.

ಅಭ್ಯಾಸಬಲ ನೋಡಿ, ಕಾಕಾ ಮೊದಲು ಅದನ್ನು ತಿರುವಿದ. ಹಿಂದೆ ಖಾಲಿ ಇತ್ತು.

'ಎಲ್ಲಾ ಮುಂದ ಬರದೀನಿ ಕಾಕಾ.'

ಕಾಕಾ ನಿಂತುಕೊಂಡೇ ನಿಧಾನ ಓದಿದ. 'ಸ್ವಂತ ಕಾಕಾ' ಎಂಬಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು. ಕೊನೆಗೆ ರಕ್ತದ ಗುಂಪಿನ ಸಾಲಿಗೆ ಬಂದು, ನನ್ನ ಕೈಯಿಂದ ಪೆನ್ನು ಇಸಿದುಕೊಂಡು, ಆ ಒಂದು ಸಾಲನ್ನು ಹೊಡೆದುಹಾಕಿದ.

'ಯಾಕ ಕಾಕಾ? ಆ ರಕ್ತ ನಂದೈತಿ, ನಿಂದಲ್ಲ.'

'ಗೊತ್ತೈತಿ. ಇರಲಿ ಬಿಡು' ಎಂದ.